ಕೈಗೆ ಸಿಗುವ ಮನೆಗಳು

ಜನವರಿ 20, 2025. ಸೋಮವಾರ

ಶಾಲೆಯ ಪಾಠಟಿಪ್ಪಣಿ ಪುಸ್ತಕ ಒಂದು ಮಿಕ್ಕಿತ್ತು. ಮುಂದಿನಿಂದ ಶೋಭಿತಾಳ ಪದಗಳ ಪಟ್ಟಿ, ಹಿಂದಿನಿಂದ ನನ್ನ ಗೋಳು. ಮುಂದಿನ ಪುಟಗಳನ್ನು ಅನು ನೋಡುತ್ತಾಳೆ. ಹಿಂದಿನವು ನನಗೆ ಮಾತ್ರ.

ಅನು ಮಂಡ್ಯದ ಕೇಂದ್ರದಲ್ಲಿ ಮಾತಿನ ತರಬೇತಿ ಕೊಡುವ ಹುಡುಗಿ. ಪ್ರತಿ ಅರ್ಜಿಯಲ್ಲೂ ಬರೆದು ಸಾಕಾದ ಸಾಲನ್ನೇ ಅವಳಿಗೂ ಬರೆದುಕೊಟ್ಟೆ: ಮಗಳ ವಯಸ್ಸು ಹದಿನೆಂಟು, ಹುಟ್ಟುವಾಗ ಉಸಿರು ಕಟ್ಟಿದ್ದರಿಂದ ಕೈಕಾಲು ಬಿಗಿ, ಮಾತಿಲ್ಲ, ತಿಳಿವಳಿಕೆ ಇದೆ. ಓದಿ ಒಂದು ಟ್ಯಾಬು ಕೊಟ್ಟಳು. ತೆರೆಯ ಮೇಲೆ ಇಪ್ಪತ್ನಾಲ್ಕು ಮನೆ, ಚೌಕಾಬಾರದ ಹಾಗೆ. ಒಂದೊಂದು ಮನೆಗೆ ಒಂದು ಚಿತ್ರ, ಒಂದು ಪದ. ಒತ್ತಿದರೆ ಟ್ಯಾಬು ಆ ಪದ ನುಡಿಯುತ್ತದೆ. ಯಾವ ಪದ ಯಾವ ಮನೆಗೆ ಎಂದು ನಾವೇ ತೀರ್ಮಾನಿಸಬೇಕಂತೆ.

"ಅವಳಿಗೆ ಏನು ಹೇಳ್ಬೇಕು ಅನ್ಸುತ್ತೋ ಅದನ್ನ ಹಾಕಿ ಮೇಡಂ. ನಿಮಗೆ ಏನು ಕೇಳ್ಬೇಕು ಅನ್ಸುತ್ತೋ ಅದನ್ನಲ್ಲ."

ಇಪ್ಪತ್ತೆರಡು ವರ್ಷ ಕನ್ನಡ ಪಾಠ ಮಾಡಿದವಳಿಗೆ ಪದ ಆರಿಸುವುದನ್ನು ಹೇಳಿಕೊಡುತ್ತಾಳೆ, ನಿನ್ನೆ ಮೊನ್ನೆ ಡಿಗ್ರಿ ಮುಗಿಸಿದವಳು! ಶೋಭಿತಾಳಿಗೆ ಏನು ಬೇಕು ಎಂದು ನನಗೆ ಗೊತ್ತಿರುವಷ್ಟು ಅವಳಿಗೇ ಗೊತ್ತಿಲ್ಲ.

ಟ್ಯಾಬಿನ ಹಂಗು ಯಾಕೆ ಬಂತೆಂದರೆ ಆಪರೇಷನ್. ತೊಡೆ ಮತ್ತು ಮಂಡಿಯ ಹಿಂದೆ ಬಿಗಿದಿರುವ ಸ್ನಾಯು ಸಡಿಲಿಸಿದರೆ ಹಿಡಿದುಕೊಂಡು ಒಂದು ನಿಮಿಷ ನಿಲ್ಲಬಲ್ಲಳು, ಮಂಚದಿಂದ ಕುರ್ಚಿಗೆ ಕೂರಿಸುವುದು ಸುಲಭ ಎಂದು ಮೂಳೆ ಡಾಕ್ಟರು ಮಹದೇವಸ್ವಾಮಿ ಹೇಳಿದ್ದಾರೆ. ಏಪ್ರಿಲ್ ಹದಿನಾರು, ನನಗೆ ಬೇಸಿಗೆ ರಜೆ. ಆದರೆ ಅವರದೊಂದು ಕೊಕ್ಕೆ: "ಹದಿನೆಂಟು ತುಂಬಿದೆ. ನಿಮ್ಮನ್ನಲ್ಲ, ಅವಳನ್ನ ಕೇಳ್ಬೇಕು ನಾನು."

ಕೇಳಲಿ. ಹೌದು ಅನ್ನುತ್ತಾಳೆ. ನಾನು ಹೇಳಿಕೊಡುತ್ತೇನೆ.

ಜನವರಿ 22. ಬುಧವಾರ

ಪಟ್ಟಿ ಮುಗಿಯಿತು. ಇಪ್ಪತ್ನಾಲ್ಕೂ ಪದ ಅಕಾರಾದಿಯಾಗಿ ಜೋಡಿಸಿದ್ದೇನೆ. ನಿಘಂಟಿನಲ್ಲಿ ಹುಡುಕಿದ ಹಾಗೆ ಹುಡುಕಿಕೊಳ್ಳಬಹುದು, ಅಕ್ಷರವೂ ಬಂದೀತು. ಒಂದೇ ಒಂದು ರಿಯಾಯಿತಿ ತೆಗೆದುಕೊಂಡೆ. ಕ್ರಮದ ಪ್ರಕಾರ ಅಜ್ಜಿ ಮೊದಲು, ಆಮೇಲೆ ಅಪ್ಪ, ಆಮೇಲೆ ಅಮ್ಮ. ನಾನು ಅಮ್ಮನನ್ನು ಮೊದಲ ಮನೆಗೆ ತಂದೆ. ಹದಿನೆಂಟು ವರ್ಷ ಹೊತ್ತವಳಿಗೆ ಅಷ್ಟೂ ಇಲ್ಲವೇ?

ಕೊನೆಯ ಮನೆ, ಬಲಗಡೆ ಕೆಳಮೂಲೆ, ಹೌದು. "ಬೇಡ"ಕ್ಕೆ ಜಾಗ ಸಾಲಲಿಲ್ಲ. ಬೇಡವಾದರೆ ಮುಖ ತಿರುಗಿಸುತ್ತಾಳಲ್ಲ, ಸಾಕು. "ದಯವಿಟ್ಟು", "ಧನ್ಯವಾದ" ಎರಡೂ ಇವೆ.

ಟ್ಯಾಬಿನ ಸ್ವಂತ ದನಿ ರೈಲ್ವೆ ಸ್ಟೇಷನ್ನಿನ ಪ್ರಕಟಣೆ ಇದ್ದ ಹಾಗಿದೆ. ಅದನ್ನು ತೆಗೆದು ನನ್ನ ದನಿಯಲ್ಲೇ ರೆಕಾರ್ಡ್ ಮಾಡಿದೆ. "ನನಗೆ ನೀರು ಬೇಕು." "ನನಗೆ ಹಸಿವಾಗಿದೆ." ಹಕಾರ ಸ್ಪಷ್ಟವಾಗಿ. ಈ ಮನೆಯಲ್ಲಿ ಹಸಿವು ಎನ್ನುವವಳು ನಾನೊಬ್ಬಳೇ. ಮಿಕ್ಕವರದೆಲ್ಲ ಅಸಿವು.

ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. "ಅದ್ಯಾಕಮ್ಮ ಕುಸುಮ, ಮಗೀನ್ ಕೈಲಿ ಮೇಷ್ಟ್ರಂಗೆ ಮಾತಾಡುಸ್ತೀಯ?"

"ಶುದ್ಧವಾಗಿ ಕಲೀಲಿ ಅತ್ತೆ."

"ಕಲೀಲಿ ಬುಡು. ನಮ್ಗೆ ಅರ್ತ ಆದ್ರೆ ಸಾಕು."

ನಾನು ಶಾಲೆಗೆ ಹೋದರೆ ಸಂಜೆಯವರೆಗೆ ಶೋಭಿತಾಳ ಜೊತೆ ಇರುವವರು ಅತ್ತೆಯೇ. ಎಪ್ಪತ್ತೆಂಟಾಯಿತು ಅವರಿಗೆ. ಹಾಗಾಗಿ ವಾದ ಬಿಟ್ಟು ಮುಂದಿನ ಪದಕ್ಕೆ ಹೋದೆ.

ಜನವರಿ 24. ಶುಕ್ರವಾರ

ಅಮ್ಮ ಅಂದಳು!

ಟ್ಯಾಬನ್ನು ಗಾಲಿಕುರ್ಚಿಯ ಹಲಗೆಗೆ ಕಟ್ಟಿದ್ದೆ. ಎಡಗೈ ಮುಷ್ಟಿ ಜಾರಿಸಿಕೊಂಡು ಹೋಗಿ ಒತ್ತಿದಳು. ಅಮ್ಮ. ಒಂದಲ್ಲ, ಮೂವತ್ತೊಂದು ಸಲ. ಊಟ ಬೇಕೇ ಅಂದರೂ ಅಮ್ಮ, ಟಿವಿ ಹಾಕಲೇ ಅಂದರೂ ಅಮ್ಮ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಇವರಿಗೆ, ಅವಳ ಅಪ್ಪನಿಗೆ, ಫೋನು ಮಾಡಿ ಕೇಳಿಸಿದೆ. ಬ್ಲಫ್‌ನ ಜಲವಿದ್ಯುತ್ ಕೇಂದ್ರದಲ್ಲಿ ಡ್ಯೂಟಿಯಲ್ಲಿದ್ದರು, ಹಿಂದೆ ಯಂತ್ರದ ಸದ್ದು. "ಸರಿ, ಸರಿ" ಅಂದರು. ಆಮೇಲೆ ಮತ್ತೆ ಒತ್ತಿಸು ಅಂದರು.

ಫೆಬ್ರವರಿ 3. ಸೋಮವಾರ

ಅರ್ಧ ದಿನ ರಜೆ ಹಾಕಿ ಮಂಡ್ಯ ಆಸ್ಪತ್ರೆಗೆ. ಡಾಕ್ಟರು ಕುರ್ಚಿ ಎಳೆದುಕೊಂಡು ಅವಳ ಎದುರಿಗೇ ಕೂತರು.

"ಶೋಭಿತಾ, ಕಾಲಿಗೆ ಆಪರೇಷನ್ ಮಾಡ್ಲಾ?"

ಮುಷ್ಟಿ ಜಾರಿತು. ಅಮ್ಮ.

"ಅಮ್ಮನ್ನ ಕೇಳಿ ಅಂತೀಯಾ?"

ಅಮ್ಮ.

ಡಾಕ್ಟರು ನಕ್ಕರು. ನಾನೂ ನಕ್ಕೆ. ಹದಿನಾರನೇ ತಾರೀಖು ಬರೆದುಕೊಂಡರು. "ಆದ್ರೂ ಏಪ್ರಿಲ್ ಏಳಕ್ಕೆ ಕರ್ಕೊಂಡ್ ಬನ್ನಿ. ಇನ್ನೊಂದ್ಸಲ ಕೇಳ್ತೀನಿ" ಎಂದರು. ಅದೇನು ಅನುಮಾನವೋ ಈ ಮನುಷ್ಯನಿಗೆ.

ಫೆಬ್ರವರಿ 8. ಶನಿವಾರ

ಬೆಳಗಿನ ಶಾಲೆ ಮುಗಿಸಿ ಶೋಭಿತಾಳನ್ನು ಮಂಡ್ಯಕ್ಕೆ ಕರೆದುಕೊಂಡು ಹೋದೆ. ಹೋಗದೆ ಇದ್ದರೆ ಚೆನ್ನಾಗಿತ್ತು.

ಅಮ್ಮ ಅಮ್ಮ ಎಂದು ಒತ್ತುವುದನ್ನು ಅನು ಐದು ನಿಮಿಷ ನೋಡಿದಳು. ಟ್ಯಾಬು ತೆಗೆದುಕೊಂಡು ಏನೋ ತಿದ್ದಿದಳು. ಅಮ್ಮನನ್ನು ಕೆಳಮೂಲೆಗೆ ಹಾಕಿ ಮೊದಲ ಮನೆಗೆ ಸಾಬೂನಿನ ಚಿತ್ರ ತಂದಳು. ನನ್ನನ್ನು ತೋರಿಸಿ ಕೇಳಿದಳು: "ಇವರ್ಯಾರು ಶೋಭಿತಾ?"

ಸಾಬೂನು.

"ಮನೇಲಿ ಯಾರಿದಾರೆ?"

ಸಾಬೂನು. ಸಾಬೂನು.

ಅದೂ ನನ್ನದೇ ದನಿಯಲ್ಲಿ.

"ಬೇಜಾರ್ ಮಾಡ್ಕೋಬೇಡಿ ಮೇಡಂ. ಅವಳ ಕೈ ಸಲೀಸಾಗಿ ಹೋಗೋದು ಅಲ್ಲಿಗೇ. ಅಲ್ಲಿ ಏನಿಟ್ರೂ ಅದನ್ನೇ ಒತ್ತುತಾಳೆ. ಕೆಳಗಡೆ ಮೂಲೆಗೆ ಕೈ ಹೋಗೋದೇ ಇಲ್ಲ." ಆಮೇಲೆ ಇನ್ನೊಂದು ಮಾತು ಸೇರಿಸಿದಳು. "ಹೌದು ಅನ್ನೋದನ್ನ ಆ ಮೂಲೇಲಿ ಇಟ್ಟಿದ್ರಿ. ಬೇಡ ಎಲ್ಲೂ ಇಲ್ಲ. ಹಂಗಾದ್ರೆ ಡಾಕ್ಟ್ರಿಗೆ ಏನು ಉತ್ತರ ಕೊಟ್ಲು ಇವಳು?"

ಮೈಯೆಲ್ಲ ಉರಿದುಹೋಯಿತು. ಕೇಂದ್ರದ ಮೆಟ್ಟಿಲಿಳಿಯುವಾಗ ಶೋಭಿತಾಳ ಮುಖ ನೋಡಲಿಲ್ಲ. ಹದಿನೈದು ದಿನ ಅವಳು ಕರೆದದ್ದು ನನ್ನನ್ನಲ್ಲ. ಕೈ ಹೋದ ಕಡೆ ನಾನಿದ್ದೆ, ಅಷ್ಟೇ.

ಫೆಬ್ರವರಿ 9. ಭಾನುವಾರ

ವಾರದ ರಜೆಗೆ ಇವರು ಬಂದಿದ್ದರು. ಸಾಬೂನಿನ ವಿಷಯ ಹೇಳಲಿಲ್ಲ. ಡಾಕ್ಟರಿಗೂ ಹೇಳುವುದಿಲ್ಲ. ತಾರೀಖು ಬರೆದಾಗಿದೆ. ಇವತ್ತು ಅವಳನ್ನು ಮಂಚದಿಂದ ಎತ್ತುವಾಗ ಸೊಂಟದಲ್ಲಿ ಚಳಕ್ ಎಂದಿತು. ಅವಳೀಗ ನಲವತ್ತೆರಡು ಕೆಜಿ. ಎತ್ತುವವಳು ನಾನು, ಅನು ಅಲ್ಲ.

ಫೆಬ್ರವರಿ 16. ಭಾನುವಾರ

ಹಲಗೆಯ ಮೇಲೆ ಪೌಡರ್ ಉದುರಿಸಿ ಕೈ ಎಲ್ಲೆಲ್ಲಿ ಓಡಾಡುತ್ತದೆ ನೋಡಿ ಎಂದು ಅನು ಹೇಳಿಕಳಿಸಿದ್ದಳು. ಅತ್ತೆ ರಾಗಿಹಿಟ್ಟಿನ ಡಬ್ಬವನ್ನೇ ತಂದರು. "ಪೌಡ್ರು ಗೀಡ್ರು ಮೈಗೆ ಆಗಾಕಿಲ್ಲ. ಇದಾದ್ರೆ ನೆಕ್ಕುದ್ರೂ ಚಿಂತೆ ಇಲ್ಲ."

ಪಕ್ಕದ ಮನೆಯ ದೀಪಿಕಾಳೂ ಬಂದಳು. ನನ್ನ ಮೈದುನನ ಮಗಳು, ಮಂಡ್ಯದಲ್ಲಿ ಬಿ.ಕಾಂ. ಓದುತ್ತಾಳೆ. ಹಾಡು ಹಾಕಿದಳು. ಶೋಭಿತಾಳ ಮುಷ್ಟಿ ಹಲಗೆಯ ಮೇಲೆ ಆಡಿತು. ಹತ್ತು ನಿಮಿಷದ ಮೇಲೆ ನೋಡಿದರೆ ಎಡಗಡೆ ಮೇಲಿಂದ ಎದೆಯ ತನಕ ಕುಡುಗೋಲಿನ ಆಕಾರದಲ್ಲಿ ಹಿಟ್ಟು ಉಜ್ಜಿಹೋಗಿತ್ತು. ಟ್ಯಾಬು ಇಟ್ಟು ಎಣಿಸಿದೆವು. ಸಲೀಸಾಗಿ ಸಿಗುವುದು ಒಂಬತ್ತೇ ಮನೆ. ಇನ್ನೊಂದು ಏಳೆಂಟು ತ್ರಾಸದಿಂದ ಸಿಕ್ಕಾವು. ಬಲಗಡೆಯ ಹಿಟ್ಟು ಹಾಕಿದ ಹಾಗೇ ಇತ್ತು.

ನಾನು ಅಕಾರಾದಿಯಾಗಿ ಸುರಿದ ಪದಗಳಲ್ಲಿ ಅರ್ಧಕ್ಕೆ ಅರ್ಧ ಆ ಹಿಟ್ಟಿನಲ್ಲೇ ಕೂತಿದ್ದವು.

ಅನುಗೆ ಫೋನು ಮಾಡಿದೆ. ಒಂಬತ್ತು ಮನೆಗೆ ಯಾವ ಪದ ಎಂದು ಶೋಭಿತಾಳೇ ಆರಿಸಲಿ, ಒಂದು ಸಲ ಇಟ್ಟ ಪದದ ಜಾಗ ಮಾತ್ರ ಯಾವತ್ತೂ ಬದಲಾಯಿಸಬೇಡಿ, ಕಣ್ಣಿಗಿಂತ ಮೊದಲು ಕೈ ನೆನಪಿಟ್ಟುಕೊಳ್ಳುತ್ತದೆ ಎಂದಳು. ಅತ್ತೆಗೆ ಅದು ಹೇಳದೆಯೇ ಗೊತ್ತಿತ್ತು. "ಉಪ್ಪಿನ್ ಡಬ್ಬ ಇದ್ದಲ್ಲೇ ಇರ್ಬೇಕು ಕಣಮ್ಮ. ಇಲ್ದಿದ್ರೆ ಅಡ್ಗೆ ಮಾಡೋಳು ಏನ್ಮಾಡಾಳು?"

ದೀಪಿಕಾ ಎರಡು ತಟ್ಟೆ ಇಟ್ಟಳು. ಎಡಗಡೆಯದು ಹತ್ತಿರದ ಮನೆಗೆ, ಬಲಗಡೆಯದು ದೂರಕ್ಕೆ. ಒಂದೊಂದು ಚೀಟಿ ಹಿಡಿದು ಓದಿದಳು. ಶೋಭಿತಾ ಯಾವ ತಟ್ಟೆ ನೋಡುತ್ತಾಳೋ ಅದಕ್ಕೆ ಚೀಟಿ. "ದಯವಿಟ್ಟು" ದೂರ. "ಧನ್ಯವಾದ" ದೂರ. ದೀಪಿಕಾ ಕಿಸಕ್ಕನೆ ನಕ್ಕಳು.

"ದೊಡ್ಡಮ್ಮ, ನಂಗೂ ಅವ್ಳಿಗೂ ಮೂರೇ ತಿಂಗ್ಳು ವ್ಯತ್ಯಾಸ. ನಾನ್ ಮನೇಲಿ ಯಾವತ್ತಾದ್ರೂ ದಯವಿಟ್ಟು ಅಂದಿದೀನಾ?"

ಅತ್ತೆ ಒಂದರ ಹಿಂದೆ ಒಂದು ಪದ ಕೊಟ್ಟರು. "ಬುಡತ್ಲಾಗೆ ಅಂತ ಬರಿ." ಬಿಡು ಅತ್ತಲಾಗೆ ಎನ್ನುವುದು ಒಂದು ಪದವೇ ಎಂದೆ. ಶೋಭಿತಾ ಕತ್ತು ಹೊರಳಿಸಿ ಎಡತಟ್ಟೆಯನ್ನು ನೋಡಿದ್ದೇ ನೋಡಿದ್ದು, ಗಂಟಲಲ್ಲಿ ನಗು. "ಬೇಡ" ಹತ್ತಿರ. "ಯಾಕೆ" ಹತ್ತಿರ. ನಾನು, ಅಜ್ಜಿ, ಆಚೆ, ಇನ್ನೊಂದ್ಸಲ, ಹೂಂ, ನೀರು. ಒಂಬತ್ತಾಯಿತು.

ಕೊನೆಗೆ ದೀಪಿಕಾ ಅಮ್ಮನ ಚೀಟಿ ಹಿಡಿದಳು. ಶೋಭಿತಾ ನನ್ನನ್ನು ನೋಡಿದಳು. ಆಮೇಲೆ ಬಲತಟ್ಟೆ ನೋಡಿದಳು.

"ಪಕ್ಕದಲ್ಲೇ ಇರ್ತೀರಲ್ಲ ದೊಡ್ಡಮ್ಮ, ಕರೆಯೋದ್ಯಾಕೆ ಅಂತ" ಎಂದಳು ದೀಪಿಕಾ. ನನ್ನನ್ನು ಸಮಾಧಾನ ಮಾಡಲು ಇವಳೊಬ್ಬಳು ಬಾಕಿಯಿದ್ದಳು.

ದನಿಯೂ ದೀಪಿಕಾಳದೇ ಆಗಲಿ ಎಂದೆ. ಹೇಗೂ ಅವಳದೇ ವಯಸ್ಸು. ಅಮ್ಮ ಬಲಗಡೆ ಕೆಳಮೂಲೆಗೆ ಹೋಯಿತು.

ಮಾರ್ಚ್ 1. ಶನಿವಾರ

ಈ ಮನೆಯಲ್ಲಿ ಹದಿನೆಂಟು ವರ್ಷ ಇಲ್ಲದ ಗಲಾಟೆ ಈಗ. ಧಾರಾವಾಹಿಯಲ್ಲಿ ಸೊಸೆ ಅತ್ತರೆ "ಬುಡತ್ಲಾಗೆ". ನೋಡಲು ಬಂದ ನನ್ನ ಅಕ್ಕ "ಅಯ್ಯೋ ಪಾಪ, ಏನ್ ಕರ್ಮವೋ" ಎಂದು ಕೆನ್ನೆ ಸವರಿದರೆ "ಆಚೆ". ಅಕ್ಕನಿಗೆ ಮುಖ ಇಷ್ಟು ದಪ್ಪ ಆಯಿತು. ಬೈಯಬೇಕು ಎಂದುಕೊಂಡವಳಿಗೆ ನಗು ತಡೆಯಲಾಗದೆ ಅಡುಗೆಮನೆಗೆ ಓಡಿದೆ.

ದಿನಕ್ಕೆ ಯಾವ ಮನೆ ಎಷ್ಟು ಸಲ ಒತ್ತಿದ್ದು ಎಂದು ಟ್ಯಾಬೇ ಬರೆದಿಡುತ್ತದೆ. ಬೇಡ ನಲವತ್ತು, ಯಾಕೆ ಇಪ್ಪತ್ತಾರು. ಅಮ್ಮ ಸೊನ್ನೆ. ನಿನ್ನೆಯೂ ಸೊನ್ನೆ. ನೋಡಬಾರದು ಎಂದುಕೊಂಡು ದಿನಾ ನೋಡುತ್ತೇನೆ.

ಆಪರೇಷನ್ ಬಗ್ಗೆ ಅವಳನ್ನು ಕೇಳಿಲ್ಲ. ಈಗ ಕೇಳಬಹುದು, ಬೇಡವೂ ಇದೆ, ಹೂಂ ಕೂಡ ಇದೆ. "ಕೇಳುದ್ರಾ ದೊಡ್ಡಮ್ಮ?" ಎಂದಳು ದೀಪಿಕಾ. ಶಾಲೆಯ ಪರೀಕ್ಷೆ ಮುಗಿಯಲಿ ಎಂದೆ.

ಮಾರ್ಚ್ 12. ಬುಧವಾರ

ಕೇಳಲಿಲ್ಲ, ಹೇಳಿದೆ. ತಲೆ ಬಾಚುತ್ತಾ, "ಏಪ್ರಿಲ್ ಹದಿನಾರಕ್ಕೆ ಆಪರೇಷನ್ನು ಪುಟ್ಟಿ, ಗೊತ್ತಲ್ಲ" ಎಂದೆ.

ಯಾಕೆ.

"ನಿನ್ನ ಒಳ್ಳೇದಕ್ಕೆ."

ಯಾಕೆ.

"ಡಾಕ್ಟರು ಹೇಳಿದ್ದಾರೆ, ಅದಕ್ಕೆ."

ಯಾಕೆ. ಯಾಕೆ. ಯಾಕೆ. ಬುಡತ್ಲಾಗೆ.

ಟ್ಯಾಬು ಬಿಚ್ಚಿಕೊಂಡು ಬೀರುವಿನ ಮೇಲೆ ಇಟ್ಟೆ.

ಮಾರ್ಚ್ 13. ಗುರುವಾರ

ಚಾರ್ಜು ಇಲ್ಲ ಎಂದು ಎಲ್ಲರಿಗೂ ಹೇಳಿದೆ. ಸುಳ್ಳು.

ಮಾರ್ಚ್ 14. ಶುಕ್ರವಾರ

ಶಾಲೆಯಿಂದ ಬಂದರೆ ಅತ್ತೆ ಬೀರುವಿನ ಮುಂದೆ ಸ್ಟೂಲು ಹಾಕಿಕೊಂಡು ನಿಂತಿದ್ದಾರೆ, ಎಪ್ಪತ್ತೆಂಟರ ವಯಸ್ಸಿನಲ್ಲಿ! ಬಿದ್ದರೆ ಏನು ಗತಿ? ನಾನೇ ಇಳಿಸಿಕೊಂಡೆ, ಮೊದಲು ಅತ್ತೆಯನ್ನು, ಆಮೇಲೆ ಟ್ಯಾಬನ್ನು.

"ಎಲ್ಡ್ ದಿನ ಆಯ್ತು ಕಣಮ್ಮ. ಆ ಮಗ ಬರೀ ಹಲ್ಗೆ ಮ್ಯಾಲೆ ಕೈ ಆಡುಸ್ತಾ ಕೂತದೆ. ನಿನ್ ಬಾಯ್ಗೆ ಯಾರಾದ್ರೂ ಬಟ್ಟೆ ತುರುಕುದ್ರೆ ಸುಮ್ನಿರ್ತಿದ್ಯಾ ನೀನು?"

ಟ್ಯಾಬನ್ನು ಮತ್ತೆ ಹಲಗೆಗೆ ಬಿಗಿದೆ. ಕಟ್ಟಿದ ತಕ್ಷಣ ಶೋಭಿತಾ ಒತ್ತಿದ್ದು "ಯಾಕೆ".

ಮಾರ್ಚ್ 23. ಭಾನುವಾರ

ಬೆಳಿಗ್ಗೆ ಸ್ನಾನಕ್ಕೆ ಎತ್ತುವಾಗ ಸೊಂಟ ಹಿಡಿದುಕೊಂಡಿತು. ಅವಳನ್ನು ಬಿಡಲಿಲ್ಲ, ಆದರೆ ನಿಲ್ಲಲೂ ಆಗಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಜಾರಿ ಇಬ್ಬರೂ ನೆಲಕ್ಕೆ ಕುಸಿದೆವು. ಅವಳಿಗೆ ಪೆಟ್ಟಾಗಲಿಲ್ಲ. ನನಗೆ ಅಲ್ಲಾಡಲು ಆಗುತ್ತಿರಲಿಲ್ಲ. ಇವರಿಗೆ ಈ ವಾರ ರಜೆಯಿಲ್ಲ. ಅತ್ತೆ ಪಕ್ಕದ ಮನೆಯವರನ್ನು ಕೂಗುತ್ತಾ ಆಚೆ ಓಡಿದರು.

ಹಾಸುಗಲ್ಲಿನ ಮೇಲೆ ಮುಖಕ್ಕೆ ಮುಖ ಕೊಟ್ಟು ಮಲಗಿದ್ದೆವು. ಅವಳ ಉಸಿರು ನನ್ನ ಮೂಗಿಗೆ ತಾಗುತ್ತಿತ್ತು. ಟ್ಯಾಬು ರೂಮಿನಲ್ಲಿತ್ತು. ಆದರೂ ಅವಳು ಕೇಳುತ್ತಿರುವುದು ಏನು ಎಂದು ಗೊತ್ತಿತ್ತು.

"ಇದಕ್ಕೇ ಕಣೇ" ಎಂದೆ. "ನಿನ್ನ ಒಳ್ಳೇದಕ್ಕಲ್ಲ. ನನ್ನ ಸೊಂಟ ಹೋಗಿದೆ. ನಿನ್ನನ್ನು ಎತ್ತಲು ನನ್ನ ಕೈಯಲ್ಲಿ ಆಗುತ್ತಿಲ್ಲ. ಹೆದರಿಕೆ ಆಗುತ್ತೆ ನನಗೆ. ಅದಕ್ಕೇ ಆಪರೇಷನ್."

ದೀಪಿಕಾಳೂ ಅವಳಮ್ಮನೂ ಬಂದು ಎತ್ತಿದರು. ನನಗೆ ಬಿಸಿನೀರಿನ ಚೀಲ, ಅವಳಿಗೆ ಕುರ್ಚಿ. ಟ್ಯಾಬು ಕಟ್ಟಿದ್ದೇ ತಡ ಮುಷ್ಟಿ ಹೋಯಿತು.

ಇನ್ನೊಂದ್ಸಲ.

ಇನ್ನೊಂದು ಸಲ ಹೇಳಿದೆ. ಎಲ್ಲರ ಎದುರಿಗೇ. ಅವಳು ಕೇಳಿಸಿಕೊಂಡಳು, ಏನೂ ಒತ್ತಲಿಲ್ಲ. ಹೂಂ ಅನ್ನಬಹುದಿತ್ತು.

ಏಪ್ರಿಲ್ 5. ಶನಿವಾರ

ನಾಡಿದ್ದು ಸೋಮವಾರ ಡಾಕ್ಟರು ಕೇಳುತ್ತಾರೆ. ಬೇಡ ಅಂದುಬಿಟ್ಟರೆ? ಇನ್ನೊಂದು ಬೇಸಿಗೆ ರಜೆಯವರೆಗೆ ಈ ಸೊಂಟ ತಡೆಯುತ್ತದೆಯೇ?

ಮಧ್ಯಾಹ್ನ ಅವಳು ಮಲಗಿದ್ದಾಗ ಟ್ಯಾಬು ತೆಗೆದುಕೊಂಡೆ. ಬೇಡ ಇದ್ದ ಮನೆಗೆ ನೀರು ತಂದೆ. ಬೇಡವನ್ನು ಹಿಟ್ಟು ಉಜ್ಜದ ಕಡೆ, ಅಮ್ಮನ ಪಕ್ಕಕ್ಕೆ ತಳ್ಳಿದೆ. ಅಳಿಸಿಲ್ಲ. ಇದೆ. ಜಾಗ ಮಾತ್ರ ಬೇರೆ. ಎರಡೇ ದಿನದ ಮಾತು.

ಅವಳು ಏಳುವ ಮೊದಲು ಟ್ಯಾಬನ್ನು ಹಲಗೆಗೆ ಕಟ್ಟಿಟ್ಟೆ.

ಏಪ್ರಿಲ್ 6. ಭಾನುವಾರ

ಊಟಕ್ಕೆ ಕೂತಿದ್ದೆವು. ಇವರೂ ಇದ್ದರು. ನಾಲ್ಕು ತುತ್ತು ಮುದ್ದೆ ಆದಮೇಲೆ ಐದನೆಯದು ಹಿಡಿದೆ. ಮುಷ್ಟಿ ಹೋಯಿತು, ಸರಿಯಾಗಿ ಅದೇ ಜಾಗಕ್ಕೆ.

ನೀರು.

ಲೋಟ ಹಿಡಿದೆ. ಬಾಯಿ ಬಿಗಿದುಕೊಂಡಳು. ಮತ್ತೆ ಒತ್ತಿದಳು. ನೀರು. ಇನ್ನೂ ಗಟ್ಟಿಯಾಗಿ, ನೀರು. "ಕೊಡ್ತಿದಾಳಲ್ಲ, ಕುಡಿಯವ್ವ" ಎಂದರು ಇವರು. ಮುಷ್ಟಿಯನ್ನು ಎದೆಯ ಹತ್ತಿರ ಎಳೆದುಕೊಂಡು ಮತ್ತೆ ಜಾರಿಸಿದಳು, ನಿಧಾನವಾಗಿ, ಜಾಗ ಅಳೆದುಕೊಂಡು. ನೀರು.

ಆಗ ಅವಳು ನನ್ನನ್ನು ನೋಡಲಿಲ್ಲ. ತನ್ನ ಕೈಯನ್ನು ನೋಡಿಕೊಂಡಳು. ತಪ್ಪು ತನ್ನ ಕೈಯದೇ ಎಂದುಕೊಂಡಿದ್ದಳು ನನ್ನ ಮಗಳು. ಕಣ್ಣಲ್ಲಿ ನೀರು ತುಂಬಿತ್ತು.

ಎಂಜಲು ಕೈಯನ್ನು ಸೆರಗಿಗೆ ಒರೆಸಿಕೊಂಡು ಅಲ್ಲೇ ಟ್ಯಾಬು ತೆಗೆದೆ. "ನಿನ್ನ ಕೈ ಸರಿಯಾಗೇ ಇದೆ ಕಣೇ. ನೀರು ತಂದು ಅಲ್ಲಿಟ್ಟವಳು ನಾನು" ಎಂದೆ. ಇವರೂ ಅತ್ತೆಯೂ ನನ್ನನ್ನೇ ನೋಡುತ್ತಿದ್ದರು. ನೋಡಲಿ. ಬೇಡವನ್ನು ಅದರ ಮನೆಗೆ ತಂದೆ, ಅವಳ ಮುಂದೆಯೇ.

ಒತ್ತಿದಳು. ಬೇಡ. ತಟ್ಟೆ ಎತ್ತಿದೆ.

ಏಪ್ರಿಲ್ 7. ಸೋಮವಾರ, ಆಸ್ಪತ್ರೆ

ಬಾಗಿಲ ಹೊರಗೆ ಕೂತು ಬರೆಯುತ್ತಿದ್ದೇನೆ.

ಒಳಗೆ ಕರೆದಾಗ ಮೊದಲು ನಾನೇ ಬಾಯಿ ಬಿಟ್ಟೆ. "ಸರ್, ಫೆಬ್ರವರಿಯಲ್ಲಿ ಇವಳು ಅಮ್ಮ ಅಂದದ್ದು ಉತ್ತರವಲ್ಲ. ಕೈ ಅಲ್ಲಿಗೆ ಮಾತ್ರ ಹೋಗುತ್ತಿತ್ತು. ನನಗೆ ಆ ವಾರವೇ ಗೊತ್ತಾಯಿತು, ಹೇಳಲಿಲ್ಲ." ಡಾಕ್ಟರು ನನ್ನನ್ನೇ ನೋಡಿದರು. ಬೈದಿದ್ದರೆ ವಾಸಿಯಿತ್ತು. ಅವಳ ಕಡೆ ತಿರುಗಿ, "ಸರಿ. ಈಗ ನೀನು ಹೇಳವ್ವ" ಎಂದರು.

ಶೋಭಿತಾ ಒತ್ತಿದಳು. ಆಚೆ.

"ಆಚೆ ಹೋಗ್ಬೇಕಾ ನೀನು?"

ಬೇಡ. ಆಚೆ. ನನ್ನನ್ನೇ ನೋಡುತ್ತಿದ್ದಳು.

"ಅಮ್ಮ ಆಚೆ ಹೋಗ್ಲಾ?"

ಹೂಂ.

ಹದಿನೆಂಟು ವರ್ಷದಲ್ಲಿ ಯಾವ ಡಾಕ್ಟರ ಹತ್ತಿರವೂ ಅವಳನ್ನು ಒಬ್ಬಳನ್ನೇ ಬಿಟ್ಟಿಲ್ಲ. ಬಾಗಿಲು ಎಳೆದುಕೊಂಡು ಬಂದೆ. ಪಕ್ಕದ ಬೆಂಚಿನಲ್ಲಿ ಕೂತರೆ ಟ್ಯಾಬಿನಲ್ಲಿರುವ ದೀಪಿಕಾಳ ದನಿ ಕೇಳಿಸುತ್ತದೆ. ಯಾಕೆ ಎನ್ನುವುದು ಎರಡು ಸಲ ಕೇಳಿಸಿತು, ಮೂರನೆಯದು ಏನೋ ಗೊತ್ತಾಗಲಿಲ್ಲ. ಇಲ್ಲಿ ಸೆಕೆ. ಆ ಕೊನೆಯಲ್ಲಿ ಫ್ಯಾನಿನ ಕೆಳಗೆ ಒಂದು ಜಾಗ ಖಾಲಿಯಿದೆ. ಅಲ್ಲಿಗೆ ಹೋಗುತ್ತೇನೆ.

ಅದೇ ದಿನ ಸಂಜೆ, ಮನೆ

ಅರ್ಧ ಗಂಟೆ ಆದಮೇಲೆ ಕರೆದರು. ಆಪರೇಷನ್ ಇಲ್ಲ.

"ಕಾಲಿನ ಹಳೇ ಹೊಲಿಗೆ ಗೆರೆ ಮೇಲೆ ಕೈ ಇಟ್ಕೊಂಡು ಬೇಡ ಅಂದ್ಲು" ಎಂದರು ಡಾಕ್ಟರು. "ಅದು ಯಾವಾಗ್ ಆಗಿದ್ದು?"

ಒಂಬತ್ತನೇ ವರ್ಷದಲ್ಲಿ, ಮೊದಲ ಆಪರೇಷನ್. ಹತ್ತು ವಾರ ಎರಡೂ ಕಾಲಿಗೆ ಪ್ಲಾಸ್ಟರು. ದಿನವಿಡೀ ಕಿರುಚುತ್ತಿದ್ದಳು. ಅವಳಿಗೆ ಮರೆತುಹೋಗಿದೆ ಎಂದು ನಾನೇ ತೀರ್ಮಾನಿಸಿದ್ದೆ. ಯಾರೂ ಅವಳನ್ನು ಕೇಳಿರಲಿಲ್ಲ.

"ಬೇಡ ಅಂದ್ಮೇಲೆ ನಾನ್ ಮುಟ್ಟಲ್ಲ. ಈಗ್ಲೇ ಆಗ್ಬೇಕು ಅನ್ನೋಂಥದ್ದೇನಲ್ಲ. ಎತ್ತೋಕೆ ಅವಳ ಸೊಂಟಕ್ಕೆ ಕಟ್ಟೋ ಪಟ್ಟಿ ಬರುತ್ತೆ, ಅದನ್ನ ಬಳಸೋದು ಕಲೀರಿ. ವ್ಯಾಯಾಮ ಮಾಡ್ಸಿ. ಆರು ತಿಂಗಳು ಬಿಟ್ಟು ಮತ್ತೆ ಕೇಳ್ತೀನಿ, ಅವಳನ್ನೇ."

ದಾರಿಯುದ್ದಕ್ಕೂ ಸಿಟ್ಟಿತ್ತು ನನಗೆ. ಈಗಲೂ ಇದೆ. ನನ್ನ ಸೊಂಟದ ಕಥೆ ಎರಡೆರಡು ಸಲ ಕೇಳಿಸಿಕೊಂಡು ಬೇಡ ಅಂದಿದ್ದಾಳೆ. ಗೆಜ್ಜಲಗೆರೆ ದಾಟುವವರೆಗೆ ಇಬ್ಬರೂ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಾ ಬಂದೆವು.

ಮನೆಗೆ ಬಂದು ಅವಳನ್ನು ಅತ್ತೆಯ ಪಕ್ಕ ಕೂರಿಸಿ ಸಾರಿಗೆ ಒಗ್ಗರಣೆ ಇಡುತ್ತಿದ್ದೆ. ದೀಪಿಕಾಳ ದನಿ ಕೇಳಿಸಿತು. ಅಮ್ಮ. ಆ ಹುಡುಗಿ ಹಿತ್ತಲಲ್ಲಿ ಅವಳ ತಾಯಿಯನ್ನು ಕರೆಯುತ್ತಿದ್ದಾಳೆ ಎಂದುಕೊಂಡೆ. ಎರಡು ನಿಮಿಷ ಬಿಟ್ಟು ಮತ್ತೆ ಕೇಳಿಸಿತು. ಇವತ್ತು ಸೋಮವಾರ, ದೀಪಿಕಾ ಇನ್ನೂ ಕಾಲೇಜಿನಿಂದ ಬಂದಿಲ್ಲ.

ನಡುಮನೆಗೆ ಬಂದೆ. ಶೋಭಿತಾ ಕುರ್ಚಿಯಲ್ಲಿ ಪೂರ್ತಿ ಬಲಕ್ಕೆ ವಾಲಿದ್ದಳು. ಎಡಗೈ ಎದೆಯನ್ನು ದಾಟಿ, ಹಿಟ್ಟು ಉಜ್ಜದ ಜಾಗವನ್ನೆಲ್ಲ ದಾಟಿ, ಕೆಳಮೂಲೆಯ ಕಡೆ ತೆವಳುತ್ತಿತ್ತು. ತುಟಿಯ ಮೇಲೆ ಬೆವರು. ಹಿಡಿದು ಕೊಂಡೊಯ್ಯಲು ನನ್ನ ಕೈ ಮುಂದೆ ಬಂತು, ಹಿಂದಕ್ಕೆ ತೆಗೆದುಕೊಂಡೆ. ತುಂಬ ಹೊತ್ತು ಹಿಡಿಯಿತು.

ಅಮ್ಮ.

"ಏನು ಪುಟ್ಟಿ? ಏನು ಬೇಕು?"

ಏನೂ ಒತ್ತಲಿಲ್ಲ. ಕೈಯನ್ನು ಆ ಮನೆಯ ಮೇಲೆಯೇ ಬಿಟ್ಟುಕೊಂಡು ನನ್ನನ್ನು ನೋಡುತ್ತಿದ್ದಳು. ನಾನು ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ. ಸೊಂಟ ಕಿರ್ ಎಂದಿತು.

"ಕುಸುಮಾ, ಒಲೆ ಮ್ಯಾಲೆ ಸಾರು ಸೀದೋಯ್ತಾ ಅದೆ ಕಣಮ್ಮ" ಎಂದರು ಅತ್ತೆ.

"ಬುಡಿ ಅತ್ತೆ ಅತ್ಲಾಗೆ" ಎಂದೆ.